ಗೋರಿಗಳ ದಿಕ್ಕೂ ಒಂದು ಹನಿ ಉಗುರುಬಣ್ಣವೂ

ಸರ್ವೇ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮ ಕನ್ನಡದ ಹುಡುಗ ಹುಡುಗಿಯರು ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ ಯಾರದಾದರೂ ಮನೆಯ ಊಟದಲ್ಲಿ ಸಿಕ್ಕಿದರೆ, ಸುಧಾ ಆಂಟಿ, ರಿಟೈರ್ ಆಗುವಾಗ ನೀವು ಯಾವ ಪೋಸ್ಟಿನಲ್ಲಿದ್ದಿರಿ ಎಂದು ಮೊದಲು ಕೇಳುತ್ತಾರೆ. ಸೇರಿದಾಗ ಕೂತ ಮೇಜಿನಲ್ಲೇ ಬಿಡುವಾಗಲೂ ಇದ್ದೆ, ನಡುವೆ ಕುರ್ಚಿಯ ಚಕ್ರ ಮುರಿದದ್ದರಿಂದ ಕುರ್ಚಿ ಮಾತ್ರ ಬದಲಾಯಿತು ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಬಡ್ತಿಯ ಕಥೆ ಬೇಕಾದವರು ಬೇರೆ ಆಂಟಿಯರನ್ನು ಹುಡುಕಿಕೊಳ್ಳಲಿ. ನನಗೆ ಗೊತ್ತಿರುವುದು ದಿಕ್ಕಿನ ಕಥೆ. ಈ ಗೋಡೆ ಯಾವ ಕಡೆಗಿದೆ, ಆ ಬೇಲಿ ಎಲ್ಲಿಗೆ ತಿರುಗುತ್ತದೆ, ಇಷ್ಟನ್ನೇ ಕೇಳಿಕೊಂಡು ನನ್ನ ಕೆಲಸದ ಬದುಕು ಮುಗಿಯಿತು. ಈಗ ಕೂತು ನೆನೆಸಿಕೊಂಡರೆ ಹೊಟ್ಟೆ ತುಂಬಿದ ಹಾಗಾಗುತ್ತದೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವನು ಗ್ರಹಾಂ. ಹೆಂಡರ್ಸನ್‌ನಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನದೊಂದು ಸಣ್ಣ ಸರ್ವೇ ಕಂಪನಿಯಿತ್ತು. ಮೈಸೂರಿನಲ್ಲಿ ನಾನು ಮಾಡಿದ್ದ ಕೆಲಸಕ್ಕೆ ಇಲ್ಲಿ ಯಾರೂ ಸೊಪ್ಪು ಹಾಕುತ್ತಿರಲಿಲ್ಲ. ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯೇ ಎಂಬ ಪ್ರಶ್ನೆ ಕೇಳಿ ಕೇಳಿ ನನಗೂ ಸಾಕಾಗಿತ್ತು. ಗ್ರಹಾಂ ಮಾತ್ರ ಅದನ್ನು ಕೇಳಲಿಲ್ಲ. ಕೋನ ಅಳೆಯುವ ಒಂದು ಥಿಯೊಡೊಲೈಟನ್ನು ಕಾರ್ ಪಾರ್ಕಿನಲ್ಲಿಟ್ಟು, ಇದನ್ನು ನಿಲ್ಲಿಸಿ ತೋರಿಸು ಎಂದ. ನಾನು ಸೀರೆಯುಟ್ಟು ಇಂಟರ್‌ವ್ಯೂಗೆ ಹೋಗಿದ್ದೆ. ಸೆರಗು ಸಿಕ್ಕಿಸಿಕೊಂಡು ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಮಟ್ಟ ತೋರಿಸುವ ಗಾಜಿನ ನಳಿಕೆಯ ಗುಳ್ಳೆಯನ್ನು ನಡುವಿಗೆ ತಂದು ತೋರಿಸಿದೆ. ಅವನು ಗುಳ್ಳೆಯನ್ನು ನೋಡಿ, ನನ್ನನ್ನು ನೋಡಿ, ಸೋಮವಾರ ಬಾ ಎಂದ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಅಳು ಬಂದಿತ್ತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಈ ದೇಶದಲ್ಲಿ ದಿಕ್ಕಿನ ಮೊದಲ ಪಾಠ ಕಲಿತದ್ದು ಬಾಡಿಗೆ ಮನೆಯಲ್ಲಿ. ಬಾಗಿಲು ಪೂರ್ವಕ್ಕಿದೆ ಎಂದು ನನ್ನ ಗಂಡ ರಘು ಕುಣಿದಾಡಿ ಹಿಡಿದ ಮನೆ. ನಡುಮನೆಯ ಕಿಟಕಿಗಳೆಲ್ಲ ದಕ್ಷಿಣಕ್ಕೆ. ಇಲ್ಲಿ ಚಳಿ ಶುರುವಾಗುವ ಮೇ ತಿಂಗಳು ಬರುತ್ತಿದ್ದ ಹಾಗೆ ಗೋಡೆಯ ಮೇಲೆ ಬೂಷ್ಟು ಬೆಳೆಯಿತು, ಒಣಹಾಕಿದ ಟವೆಲ್ ಮೂರನೇ ದಿನವೂ ತಣ್ಣಗಿತ್ತು. ಆಫೀಸಿನಲ್ಲಿ ಹೇಳಿಕೊಂಡರೆ ಗ್ರಹಾಂ ಚಹಾ ಕಪ್ಪು ಕೆಳಗಿಟ್ಟು ನಕ್ಕ. ಇಲ್ಲಿ ಸೂರ್ಯ ಉತ್ತರದಲ್ಲಿ ನಡೆಯುತ್ತಾನೆ, ಮನೆಯೂ ಉತ್ತರ ನೋಡಬೇಕು, ಒಬ್ಬ ಸರ್ವೇಯರ್ ಆಗಿ ನೀನು ಇದನ್ನು ಮರೆಯಬಹುದೇ ಎಂದು ವಾರವಿಡೀ ರೇಗಿಸಿದ. ಮುಂದಿನ ಮನೆ ಹುಡುಕಲು ರಘುವಿನ ಜೊತೆ ಅವನೇ ತನ್ನ ಯೂಟ್, ಅಂದರೆ ಹಿಂದೆ ಸಾಮಾನು ಹೇರುವ ಗಾಡಿ, ತೆಗೆದುಕೊಂಡು ಬಂದ.

ಇನ್ನೊಂದು ಬೇಲಿಯ ಕಥೆ ಇದೆ. ನಮ್ಮ ಬೆಂಗಳೂರಿನ ಅಂಕಲ್ ಒಬ್ಬರು ಮೌಂಟ್ ರಾಸ್ಕಿಲ್‌ನಲ್ಲಿ ಮನೆ ಕೊಂಡಿದ್ದರು. ಪಕ್ಕದ ಮನೆಯ ಟೋಂಗಾ ದ್ವೀಪದ ಮುದುಕ ತಮ್ಮ ಜಾಗ ನುಂಗಿದ್ದಾನೆಂದು ಅವರಿಗೆ ಅನುಮಾನ. ನಮ್ಮನ್ನು ಕರೆಸಿ ಗಡಿ ಗುರುತಿಸಿ ಎಂದರು. ಗುರುತಿಸಿದೆವು. ಹಳೆಯ ಗಡಿಗೂಟ ನಿಂಬೆಗಿಡದ ಬೇರಿನ ನಡುವೆ ಸಿಕ್ಕಿತು. ಅದರ ಪ್ರಕಾರ ಅಂಕಲ್ಲೇ ಹೊಸದಾಗಿ ಕಟ್ಟಿಸಿದ್ದ ದೇವರ ಕೋಣೆ ಗೇಣುದ್ದ ಮುದುಕನ ಜಾಗದಲ್ಲಿತ್ತು. ಅಂಕಲ್ ಮುಖ ಬಿಳಿಚಿಕೊಂಡಿತು, ಏನಾದರೂ ಅಡ್ಜಸ್ಟ್ ಮಾಡೋಕಾಗತ್ತಾ ಎಂದು ನನ್ನನ್ನು ಕನ್ನಡದಲ್ಲಿ ಕೇಳಿದರು. ಗ್ರಹಾಂಗೆ ಕನ್ನಡ ಬಾರದಿದ್ದರೂ ಆ ಪ್ರಶ್ನೆ ಅರ್ಥವಾಯಿತು. ಬೇಕಾದದ್ದನ್ನು ಹೇಳುವುದಾದರೆ ಅಳೆಯುವ ತಾಪತ್ರಯ ಯಾಕೆ ಎಂದಷ್ಟೇ ಅಂದ. ಮುದುಕ ಮಾತ್ರ ಗೂಟವನ್ನೂ ದೇವರ ಕೋಣೆಯನ್ನೂ ನೋಡಿ, ದೇವರು ಅಲ್ಲೇ ಇರಲಿ ಎಂದು ಹೇಳಿ ಒಳಗೆ ಹೋದ. ಈಗ ಆ ಎರಡು ಮನೆಗಳ ನಡುವೆ ಬೇಲಿಯೇ ಇಲ್ಲ.

ನಾನು ಶುರುಮಾಡಿದಾಗ ಸರಪಳಿ ಎಳೆದು ಅಳೆಯುತ್ತಿದ್ದೆವು. ಆಮೇಲೆ ಬೆಳಕು ಬಿಟ್ಟು ದೂರ ಹೇಳುವ ಯಂತ್ರ ಬಂತು. ಎರಡು ಸಾವಿರದ ಹತ್ತರ ನಂತರ ಫೋಟೋಗಳ ಕಾಲ. ಒಂದು ಗುಡ್ಡವನ್ನು ಸುತ್ತಮುತ್ತಲಿಂದ ನೂರಾರು ಫೋಟೋ ತೆಗೆದು ಕಂಪ್ಯೂಟರಿಗೆ ಕೊಟ್ಟರೆ, ಅದು ಚೆನ್ನಾಗಿ ಯೋಚನೆ ಮಾಡಿ ಇಡೀ ಗುಡ್ಡವನ್ನೇ ಪರದೆಯ ಮೇಲೆ ಎಬ್ಬಿಸಿ ನಿಲ್ಲಿಸುತ್ತದೆ. ಈ ವಯಸ್ಸಿನಲ್ಲಿ ಇದನ್ನು ಕಲಿಯಬೇಕೇ ಎಂದು ಗೊಣಗಿದೆ. ಕಲಿತ ಮೇಲೆ ಬಿಡಲಾರದಾದೆ. ಶಾಹೀನ್ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದದ್ದು ಈ ಫೋಟೋಗಳ ಸಲುವಾಗಿಯೇ.

ಶಾಹೀನ್ ವಿಜಯಪುರದವಳು, ಆಕ್ಲೆಂಡಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅವಳ ವಿಷಯ ನಬಾತಿಯನ್ನರ ಗೋರಿಗಳು. ನಬಾತಿಯನ್ನರು ಎಂದರೆ ಎರಡು ಸಾವಿರ ವರ್ಷಗಳ ಹಿಂದೆ ಒಂಟೆಗಳ ಮೇಲೆ ಧೂಪದ ಅಂಟು ಹೇರಿಕೊಂಡು ಮರುಭೂಮಿ ದಾಟುತ್ತಿದ್ದ ಅರಬ್ ವ್ಯಾಪಾರಿಗಳು. ಜೋರ್ಡಾನಿನ ಪೆಟ್ರಾದಲ್ಲಿ ಕೆಂಪು ಮರಳುಗಲ್ಲಿನ ಬೆಟ್ಟಗಳನ್ನೇ ಕಡಿದು ತಮ್ಮವರಿಗೆ ಗೋರಿ ಮಾಡಿದರು. ಕಂಬ, ಮೆಟ್ಟಿಲಿನ ಅಂಚು, ಬಾಗಿಲು ಎಲ್ಲವೂ ಒಂದೇ ಬಂಡೆಯಲ್ಲಿ. ನನಗೆ ಅವಳು ಫೋಟೋ ತೋರಿಸಿದಾಗ ನಮ್ಮ ಬಾದಾಮಿಯೇ ಕಂಡಿತು. ಅವಳಿಗೂ ಶುರುವಾದದ್ದು ಅಲ್ಲಿಂದಲೇ. ಶಾಲೆಯಿಂದ ಬಾದಾಮಿಗೆ ಹೋದಾಗ ಈ ಗುಹೆ ಈ ಕಡೆಯೇ ಯಾಕೆ ಮುಖ ಮಾಡಿದೆ ಎಂದು ಕೇಳಿ, ಮೇಷ್ಟ್ರಿಂದ ಸುಮ್ಮನೆ ಸಾಲಿನಲ್ಲಿ ನಡಿ ಎಂದು ಬೈಸಿಕೊಂಡವಳು.

"ಸತ್ತವ್ರನ್ನ ಎತ್ತ ಮುಖಾ ಮಾಡಿ ಇಡ್ತಾರ ಅನ್ನೂದು ಸುಮ್ನ ಅಲ್ರಿ ಆಂಟಿ," ಎಂದಿದ್ದಳು ಮೊದಲ ದಿನವೇ. "ಅದರಾಗ ಅವ್ರ ನಂಬಿಕಿ ಇರ್ತದ."

ಅವಳ ಊಹೆ ಇಷ್ಟು. ಪೆಟ್ರಾದ ಒಂದು ಪಕ್ಕದ ಕಣಿವೆಯ ಗೋರಿಗಳು ಚಳಿಗಾಲದಲ್ಲಿ ಹಗಲು ಅತಿ ಚಿಕ್ಕದಾಗುವ ದಿನ ಸೂರ್ಯ ಮುಳುಗುವ ಕಡೆಗೆ ಮುಖ ಮಾಡಿರಬೇಕು. ಅದನ್ನು ಅಳೆಯಲು ಹೋಗುವ ಮುಂಚೆ ನಮ್ಮಲ್ಲಿಗೆ ಸಲಹೆ ಕೇಳಲು ಬಂದಳು. ಬಂಡೆಯ ಸಂದಿಯಲ್ಲಿ ದೊಡ್ಡ ಯಂತ್ರ ಹೊತ್ತು ತಿರುಗಲಾಗದು, ಉಪಗ್ರಹದ ಸಿಗ್ನಲ್ಲೂ ಸರಿಯಾಗಿ ಸಿಗುವುದಿಲ್ಲ. ಅಂಥ ಕಡೆ ಒಳ್ಳೆಯ ಕೈ ಕಂಪಾಸೇ ಗತಿ. ಗ್ರಹಾಂ ಕಪಾಟಿನಿಂದ ತನ್ನ ಸ್ವಂತ ಕಂಪಾಸು ತೆಗೆದು ಅವಳ ಕೈಗಿಟ್ಟ. ಗೋರಿ ನೋಡುವ ಕಡೆ ಗುಡ್ಡವಿದ್ದರೆ ಸೂರ್ಯ ಬೇಗ, ಇನ್ನೂ ದಕ್ಷಿಣಕ್ಕಿರುವಾಗಲೇ ಮರೆಯಾಗುತ್ತಾನೆ, ಆದ್ದರಿಂದ ಗುಡ್ಡದ ಎತ್ತರವನ್ನೂ ಅಳೆ ಎಂದು ಕಲಿಸಿದ. ನಮ್ಮ ಕಂಪಾಸಿನ ಮುಳ್ಳು ಈ ದಕ್ಷಿಣದ ದೇಶದ ಕಾಂತದ ಸೆಳೆತಕ್ಕೆ ತೂಗಿಸಿದ್ದು, ಅಲ್ಲಿಗೆ ಒಯ್ದರೆ ತಲೆ ತಗ್ಗಿಸುತ್ತದೆ. ಅದಕ್ಕೆ ಅವನು ಕನ್ನಡಕ ಹಾಕಿಕೊಂಡು ಇಡೀ ಮಧ್ಯಾಹ್ನ ಕೂತು, ಮುಳ್ಳಿಗೆ ಸುತ್ತಿದ್ದ ಕೂದಲೆಳೆಯಂಥ ತಂತಿಯನ್ನು ಸರಿಸಿ ಸರಿಸಿ ಅಲ್ಲಿನ ನೆಲಕ್ಕೆ ತೂಗಿಸಿದ. ಮಗಳನ್ನು ಪರದೇಶಕ್ಕೆ ಕಳಿಸುವ ಅಪ್ಪನಿಗಿಂತ ಹೆಚ್ಚು ಮುತುವರ್ಜಿ.

ಶಾಹೀನ್ ಹೋಗಿ ಬಂದಳು. ಕಣಿವೆಯ ಗೋರಿಗಳನ್ನೆಲ್ಲ ಅಳೆದು, ಸಾವಿರಾರು ಫೋಟೋ ತಂದಳು. ಮುಖಗಳ ದಿಕ್ಕನ್ನು ಒಂದು ವೃತ್ತದ ಮೇಲೆ ಗುರುತು ಹಾಕಿದರೆ ಗುರುತುಗಳೆಲ್ಲ ಒಂದೇ ಕಡೆ ಗುಂಪುಗಟ್ಟಿದ್ದವು. ಆ ಗುಂಪು ಬಿದ್ದದ್ದು ಸರಿಯಾಗಿ ಚಳಿಗಾಲದ ಸೂರ್ಯಾಸ್ತದ ಮೇಲೆ. ಅವಳ ಪಿಎಚ್‌ಡಿ ಗೈಡ್ ಕುಣಿದರು. ಅವಳು ನಮ್ಮ ಆಫೀಸಿಗೆ ಬರ್ಫಿ ತಂದಳು. ವೀಸಾ ಮುಗಿಯುವುದರೊಳಗೆ ಥೀಸಿಸ್ ಕೊಟ್ಟರೆ ಮುಂದಿನ ದಾರಿ ಸಲೀಸು, ಕೊಡದಿದ್ದರೆ ಗಂಟುಮೂಟೆ ಕಟ್ಟುವುದು. ಈಗ ಬರೆದು ಮುಗಿಸುವುದೊಂದೇ ಬಾಕಿ ಎಂದು ಎಲ್ಲರೂ ಅಂದುಕೊಂಡೆವು. ಅವಳ ಫೋಟೋಗಳಿಂದ ಕಣಿವೆಯನ್ನು ಪರದೆಯ ಮೇಲೆ ಎಬ್ಬಿಸುವ ಕೆಲಸ ನನ್ನದಾಯಿತು. ಥೀಸಿಸ್ಸಿಗೆ ಚಂದದ ಚಿತ್ರಗಳು ಬೇಕಿದ್ದವು, ಅಷ್ಟೇ.

ಕಣಿವೆ ಎದ್ದು ನಿಂತಿತು, ಆದರೆ ಒಂದು ಕಿರಿಕಿರಿ. ಉಪಗ್ರಹದ ಚಿತ್ರದ ಮೇಲೆ ನನ್ನ ಕಣಿವೆಯನ್ನು ಕೂರಿಸಿದರೆ ಬಂಡೆ ಬಂಡೆಗೂ ಹೊಂದುತ್ತಿತ್ತು, ಶಾಹೀನಳ ಕಂಪಾಸಿನ ಅಳತೆಗೆ ಮಾತ್ರ ಹೊಂದುತ್ತಿರಲಿಲ್ಲ. ಪ್ರತಿ ಗೋರಿಯೂ ಸುಮಾರು ಹದಿನೈದು ಡಿಗ್ರಿ ತಿರುಗಿ ನಿಂತಿತ್ತು. ಮೊದಲು ನಾನೇ ಎಲ್ಲೋ ಎಡವಿದೆ ಎಂದುಕೊಂಡು ಎಲ್ಲವನ್ನೂ ಹೊಸದಾಗಿ ಮಾಡಿದೆ. ಮತ್ತೆ ಅಷ್ಟೇ. ಹುಡುಗರೇ, ಇದನ್ನು ನೆನಪಿಡಿ. ಒಂದೊಂದು ಕಡೆ ಒಂದೊಂದು ಥರ ತಪ್ಪಿದರೆ ಅದು ಕೈಯ ನಡುಕ. ಎಲ್ಲ ಕಡೆಯೂ ಒಂದೇ ಥರ ತಪ್ಪಿದರೆ ಎಲ್ಲೋ ಒಂದೇ ಒಂದು ಕಾರಣ ಕೂತಿದೆ. ಶಾಹೀನಳನ್ನು ಕರೆಸಿ ತೋರಿಸಿದೆ. ಅವಳು ಒಂದೊಂದು ಗೋರಿಯ ಅಂಕಿಯನ್ನೂ ಪರದೆಗೆ ಹೋಲಿಸಿ ನೋಡಿದಳು. ಆಮೇಲೆ ಬ್ಯಾಗಿನಿಂದ ಕಂಪಾಸು ತೆಗೆದು ಮಗುಚಿ ಹಿಡಿದಳು. ಅದರ ಪಕ್ಕದಲ್ಲಿ ಸಣ್ಣ ತಿರುಪು, ತಿರುಪಿನ ಮೇಲೆ ಒಂದು ಹನಿ ಕೆಂಪು ಉಗುರುಬಣ್ಣ.

ಅದು ನಮ್ಮ ಆಫೀಸಿನ ಪದ್ಧತಿ. ಕಂಪಾಸಿನ ಮುಳ್ಳು ನಿಜವಾದ ಉತ್ತರವನ್ನು ತೋರಿಸುವುದಿಲ್ಲ, ಊರಿಗೊಂದು ಥರ ಓರೆಯಾಗಿರುತ್ತದೆ. ಆಕ್ಲೆಂಡಿನಲ್ಲಿ ಆ ಓರೆ ಇಪ್ಪತ್ತು ಡಿಗ್ರಿಯ ಹತ್ತಿರ, ಪೆಟ್ರಾದಲ್ಲಿ ನಾಲ್ಕೋ ಐದೋ. ಆ ಓರೆಯನ್ನು ನುಂಗಿಹಾಕಲೆಂದೇ ಪಕ್ಕದಲ್ಲಿ ಆ ತಿರುಪು. ಗ್ರಹಾಂ ಎಲ್ಲ ಕಂಪಾಸುಗಳನ್ನೂ ಆಕ್ಲೆಂಡಿಗೆ ಕೂರಿಸಿ, ಕಾಡುಮೇಡಿನಲ್ಲಿ ತಿರುಪು ಅಲುಗಾಡದಿರಲಿ ಎಂದು ತನ್ನ ಹೆಂಡತಿ ಜೋನ್‌ಳ ಉಗುರುಬಣ್ಣದ ಒಂದು ಹನಿ ಹಚ್ಚುತ್ತಿದ್ದ. ನಾವೆಲ್ಲ ಕಣ್ಣುಮುಚ್ಚಿ ನಂಬುತ್ತಿದ್ದ ಹನಿ ಅದು. ಆ ಮಧ್ಯಾಹ್ನ ಮುಳ್ಳಿನ ತೂಕದಲ್ಲಿ ಮುಳುಗಿಹೋಗಿದ್ದ ಅವನಿಗೆ ತಿರುಪಿನ ನೆನಪೇ ಆಗಲಿಲ್ಲ. ಪಕ್ಕದಲ್ಲೇ ಕೂತು ನೋಡುತ್ತಿದ್ದ ನಮ್ಮಿಬ್ಬರಿಗೂ ಆಗಲಿಲ್ಲ. ಶಾಹೀನ್ ಆಕ್ಲೆಂಡಿನ ಉತ್ತರವನ್ನು ಜೋರ್ಡಾನಿಗೆ ಹೊತ್ತುಕೊಂಡು ಹೋಗಿದ್ದಳು.

ತಿದ್ದುವುದು ಸುಲಭ. ಎಲ್ಲ ಅಳತೆಗಳಿಂದಲೂ ಆ ಹದಿನೈದು ಡಿಗ್ರಿ ಕಳೆದರಾಯಿತು. ಕಳೆದಳು. ವೃತ್ತದ ಮೇಲಿನ ಗುಂಪು ಹಾಗೇ ಇಡಿಯಾಗಿ ದಕ್ಷಿಣದ ಕಡೆಗೆ ಜರುಗಿ ನಿಂತಿತು. ಎದುರಿನ ಗುಡ್ಡಗಳ ಎತ್ತರ ಹಾಕಿಯೂ ನೋಡಿದಳು.

"ಸೂರ್ಯಾ ಅಲ್ಲಿ ಮುಳುಗಂಗಿಲ್ಲ ಆಂಟಿ," ಎಂದಳು. "ವರ್ಷದಾಗ ಒಂದ ದಿನಾನೂ ಮುಳುಗಂಗಿಲ್ಲ."

ಎದುರಿಗೆ ಕಡಿದಾದ ಎತ್ತರದ ಬಂಡೆಯಿದ್ದ ಕೆಲವೇ ಗೋರಿಗಳಿಗೆ ಮಾತ್ರ ಆ ಚಳಿಗಾಲದ ದಿನದ ಕೊನೆಯ ಬಿಸಿಲು ತಾಗುತ್ತಿತ್ತು. ಉಳಿದವು ಆಕಾಶದ ಯಾವ ವಿಶೇಷವೂ ಇಲ್ಲದ ಕಡೆಗೆ ನೋಡುತ್ತಿದ್ದವು. ಮೂರು ವರ್ಷದ ಕೆಲಸ ನಮ್ಮ ಕಣ್ಣೆದುರಿಗೇ ನೀರುಪಾಲಾಯಿತು. ಅವಳು ತಲೆಯ ಮೇಲೆ ಕೈಹೊತ್ತು ಕೂತಳು.

ಗ್ರಹಾಂಗೆ ಹೇಳಲೇಬೇಕಾಯಿತು. ಅವನು ಆಗಲೇ ಶ್ವಾಸಕೋಶದ ಕಾಯಿಲೆ ಬಿದ್ದು ವಾರಕ್ಕೆರಡು ಸಲ ಮಾತ್ರ ಆಫೀಸಿಗೆ ಬರುತ್ತಿದ್ದ. ಕಂಪಾಸು ಕೈಗೆ ತೆಗೆದುಕೊಂಡ. ಕೆಂಪು ಹನಿ ನೋಡಿದ. ಅವನ ಮುಖ ಅಷ್ಟು ಮುಪ್ಪಾದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬೇರೆ ಯಾವ ಯಜಮಾನನಾದರೂ, ಅಳೆಯುವವರು ನೋಡಿಕೊಳ್ಳಬೇಕಿತ್ತು ಎನ್ನುತ್ತಿದ್ದ, ಅದರಲ್ಲಿ ಸುಳ್ಳೂ ಇರುತ್ತಿರಲಿಲ್ಲ. ಇವನು ಜಾಕೆಟ್ ಹಾಕಿಕೊಂಡು, ಶಾಹೀನಳನ್ನು ಯೂಟ್‌ನಲ್ಲಿ ಕೂರಿಸಿಕೊಂಡು ಸೀದಾ ಅವಳ ಗೈಡ್ ಹತ್ತಿರ ಹೋಗಿ, ತಪ್ಪು ನನ್ನದು, ಹುಡುಗಿಯದಲ್ಲ ಎಂದು ಹೇಳಿ ಬಂದ. ಗೈಡ್ ಒಳ್ಳೆಯವರು, ಮತ್ತಷ್ಟು ತಿಂಗಳ ಅವಧಿ ಕೊಡಿಸಿದರು. ಆದರೆ ಆ ತಿಂಗಳುಗಳಲ್ಲಿ ಏನು ಬರೆಯುವುದು ಎಂದು ಯಾರಿಗೂ ಗೊತ್ತಿರಲಿಲ್ಲ. ಬಂದ ಗ್ರಹಾಂ ಎಲ್ಲ ಕಂಪಾಸುಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟು, ಬ್ಲೇಡು ಹಿಡಿದು ಒಂದೊಂದರ ಉಗುರುಬಣ್ಣವನ್ನೂ ಕೆರೆದು ತೆಗೆದ. ಇನ್ನು ಮುಂದೆ ಕಂಪಾಸು ಒಯ್ಯುವವರು ನಿಂತ ನೆಲದಲ್ಲೇ ತಿರುಪು ಕೂರಿಸಿಕೊಳ್ಳಬೇಕು ಎಂದ. ಅದೇ ಅವನು ನಮಗೆ ಹೇಳಿದ ಕೊನೆಯ ರೂಲು.

ಗ್ರಹಾಂ ಆಸ್ಪತ್ರೆ ಸೇರಿದ ಮೇಲೆ ನಾನು ನೋಡಲು ಹೋದಾಗಲೆಲ್ಲ ಅವನದು ಒಂದೇ ಪ್ರಶ್ನೆ. ಆ ಹುಡುಗಿಯ ಕೆಲಸ ಏನಾಯಿತು? ನಡೆಯುತ್ತಿದೆ ಎನ್ನುತ್ತಿದ್ದೆ. ಅವನು ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗುತ್ತಿದ್ದ. ಶಾಹೀನ್ ತಾನೇ ಹೋಗಿ ಅವನ ಕೈಹಿಡಿದು, ನೀವಿಲ್ಲದಿದ್ದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ ಎಂದಳು. ಅದರಿಂದ ಅವನಿಗೆ ಸಮಾಧಾನವಾಯಿತು ಎಂದು ನನಗನ್ನಿಸಲಿಲ್ಲ. ಒಂದು ಮಗುವಿನ ಕೆಲಸ ಕೆಡಿಸಿದೆ ಎಂಬ ಭಾರ ಹೊತ್ತುಕೊಂಡೇ ಅವನು ಹೋದ. ಹಾಗೆ ಹೋಗಬಾರದಿತ್ತು ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಮಣ್ಣಾದ ಕೆಲವು ವಾರಗಳ ನಂತರ ನಾವಿಬ್ಬರೂ ಜೋನ್‌ಳನ್ನು ನೋಡಲು ಹೋದೆವು. ಕಡ್ಡಿಯಂಥ ಮುದುಕಿ, ಕಾರು ಓಡಿಸುವುದನ್ನು ಯಾವಾಗಲೋ ಬಿಟ್ಟಿದ್ದಳು. ನಮ್ಮನ್ನು ಬಸ್ಸಿನಲ್ಲೇ ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಗ್ರಹಾಂನ ಗೋರಿ ಇದ್ದದ್ದು ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ. ಹಸಿ ನೆಲ, ಅಕ್ಕಪಕ್ಕದ ಕಲ್ಲುಗಳ ಮೇಲೆಲ್ಲ ಪಾಚಿ. ಬಿಸಿಲಿನ ಮನೆ ಹಿಡಿದುಕೊಟ್ಟವನಿಗೆ ಬಿಸಿಲಿಲ್ಲದ ಜಾಗ. ಉತ್ತರದ ಕಡೆ ಖಾಲಿ ಇರಲಿಲ್ಲವೇ ಎಂದು ಮೆಲ್ಲಗೆ ಕೇಳಿದೆ.

"ಇತ್ತು," ಎಂದಳು ಜೋನ್. "ಅದನ್ನೇ ಕೊಡುತ್ತೇವೆ ಅಂದರು. ನಾನೇ ಬೇಡ ಅಂದೆ. ಅಲ್ಲಿಂದ ಬಸ್ಸಿನ ರಸ್ತೆ ಕಾಣುವುದಿಲ್ಲ."

ವಾರಕ್ಕೆರಡು ಸಲ ಅವಳು ಹೆಂಡರ್ಸನ್‌ಗೆ ತರಕಾರಿಗೆ ಹೋಗುತ್ತಾಳೆ. ತಿರುವಿನಲ್ಲಿ ಬಸ್ಸು ನಿಧಾನವಾಗುತ್ತದೆ. ಎಡಗಡೆ ಸೀಟಿನಲ್ಲಿ ಕೂತರೆ ಅವನ ಕಲ್ಲು ಕಾಣುತ್ತದೆ. ಬಿಸಿಲಿನಿಂದ ಅವನಿಗೆ ಏನಾಗಬೇಕಿದೆ, ನೋಡಬೇಕಾದವಳು ನಾನಲ್ಲವೇ ಎಂದಳು, ನಮಗೆ ಇಷ್ಟೂ ಗೊತ್ತಾಗುವುದಿಲ್ಲವಲ್ಲ ಎಂಬ ಧ್ವನಿಯಲ್ಲಿ.

ವಾಪಸು ಬರುವಾಗ ಬಸ್ಸಿನಲ್ಲಿ ಶಾಹೀನ್ ಕಿಟಕಿಗೆ ಮುಖ ಆನಿಸಿ ಹಿಂದೆ ಸರಿಯುವ ಆ ಗುಡ್ಡವನ್ನೇ ನೋಡುತ್ತಿದ್ದಳು. ಅಳುತ್ತಿರಬೇಕು ಎಂದುಕೊಂಡೆ. ಮಾರನೆಯ ದಿನ ನಾನು ಆಫೀಸಿನ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಕೂತಿದ್ದಳು.

"ಆಂಟಿ, ನಿಮ್ಮ ಕಣಿವ್ಯಾಗ ಹಳೇ ಒಂಟಿಗೋಳ ದಾರಿ ಐತಲ್ರಿ. ಆ ದಾರಿ ಮ್ಯಾಲ ನಡಕೋತ ಬಂದವ್ರಿಗೆ ಯಾವ ಯಾವ ಗೋರಿ ಕಾಣ್ತಾವ, ನೋಡಾಕ ಬರ್ತದೇನ್ರಿ?"

ಬರುತ್ತದೆ. ಚಂದದ ಚಿತ್ರಕ್ಕೆಂದು ಎಬ್ಬಿಸಿ ನಿಲ್ಲಿಸಿದ್ದ ಕಣಿವೆ ಅಲ್ಲೇ ಇತ್ತು. ದಾರಿಯುದ್ದಕ್ಕೂ ಒಂಟೆ ಸವಾರನ ಎತ್ತರಕ್ಕೆ ಕಣ್ಣುಗಳನ್ನು ಇಡುತ್ತಾ ಹೋದೆವು. ಒಂದೊಂದು ತಿರುವಿನಲ್ಲೂ ಏನು ಕಾಣುತ್ತದೆಂದು ಕಂಪ್ಯೂಟರನ್ನು ಕೇಳಿದೆವು. ಆ ಚಳಿಗಾಲ ಪೂರ್ತಿ ಇದೇ ಕೆಲಸ. ಆಕಾಶದಲ್ಲಿ ಅರ್ಥ ಕಳೆದುಕೊಂಡಿದ್ದ ಆ ದಿಕ್ಕು ನೆಲದ ಮೇಲೆ ಸಿಕ್ಕಿತು. ಆ ಗೋರಿಗಳು ನೋಡುತ್ತಿದ್ದದ್ದು ದಾರಿ ಕಣಿವೆಯೊಳಗೆ ತಿರುಗುವ ಜಾಗವನ್ನು. ಗೋರಿಗಳ ಬೆನ್ನ ಹಿಂದೆ ಕಡಿಯಲು ಇನ್ನೂ ಸಲೀಸಾದ ಬಂಡೆಯಿದ್ದ ಕಡೆಗಳಲ್ಲೂ ಅದನ್ನು ಬಿಟ್ಟು, ದಾರಿಗೆ ಕಾಣುವ ಮೈಯನ್ನೇ ಆರಿಸಿ ಕಡಿದಿದ್ದರು. ತಿಂಗಳುಗಟ್ಟಲೆ ಮರುಭೂಮಿಯಲ್ಲಿ ಅಲೆದು ಮನೆಗೆ ಬರುವವನು ತಿರುವಿನಲ್ಲಿ ತಲೆಯೆತ್ತಿದರೆ ತನ್ನವರು ಕಾಣಬೇಕು. ಬಿಸಿಲಿನ ಕೆಲವು ಗೋರಿಗಳನ್ನು ಶಾಹೀನ್ ಕೈಬಿಡಲಿಲ್ಲ, ಅವಕ್ಕೂ ಒಂದು ಅಧ್ಯಾಯ ಕೊಟ್ಟಳು. ಕಂಪಾಸಿನ ತಪ್ಪನ್ನೂ ಮುಚ್ಚಿಡದೆ ಉಗುರುಬಣ್ಣದ ಸಮೇತ ಬರೆದಳು. ಪರೀಕ್ಷಕರು ಅಲ್ಲಿ ನಕ್ಕರಂತೆ, ಆಮೇಲೆ ಅದರ ಬಗ್ಗೆಯೇ ಬಹಳ ಹೊತ್ತು ಮಾತಾಡಿ ಪಾಸು ಮಾಡಿದರಂತೆ. ಈಗ ಅವಳು ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿ ಕೆಲಸದಲ್ಲಿದ್ದಾಳೆ. ಗ್ರಹಾಂನ ಕಂಪಾಸು ಅವಳ ಹತ್ತಿರವೇ ಇದೆ.

ಥೀಸಿಸ್ಸಿನ ಸುದ್ದಿ ಬಂದ ವಾರ ನಾನು ಜೋನ್‌ಳಿಗೆ ಹೇಳಲು ಹೋದೆ. ತರಕಾರಿಗೆ ಹೊರಟಿದ್ದಳು, ನಾನೂ ಬಸ್ಸು ಹತ್ತಿದೆ. ಎಡಗಡೆ ಸೀಟಿನಲ್ಲಿ ಕೂತೆವು. ಹುಡುಗಿ ಪಾಸಾದಳು, ನಿನ್ನ ಮಾತಿನಿಂದಲೇ ದಾರಿ ಸಿಕ್ಕಿತು, ಗ್ರಹಾಂ ಏನನ್ನೂ ಕೆಡಿಸಲಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಅವಳು ತಲೆದೂಗುತ್ತಾ ಕೇಳಿದಳು. ಬಸ್ಸು ತಿರುವಿನಲ್ಲಿ ನಿಧಾನವಾಯಿತು. ಜೋನ್ ನನ್ನ ಮೊಣಕೈ ತಿವಿದು ಕಿಟಕಿಯ ಕಡೆ ತೋರಿಸಿದಳು.

"ನನಗಲ್ಲ," ಎಂದಳು. "ಅವನಿಗೆ ಹೇಳು."

ಹೇಳಿದೆ. ಬಸ್ಸು ತುಂಬ ಜನರಿದ್ದರು. ಕನ್ನಡದಲ್ಲೇ ಹೇಳಿದೆ.